ಗೃಹಪ್ರವೇಶಕ್ಕೆ ಹೋಗಿಬಂದ ಚುಕ್ಕಿ

ಡೇರಿಗೆ ಹಾಲು ತರುವುದರಲ್ಲಿ ವನಜಮ್ಮನಿಗಿಂತ ಮುಂದೆ ಯಾರೂ ಇಲ್ಲ. ಆ ದಿನ ಕ್ಯಾನು ಮುಚ್ಚುವ ಹೊತ್ತಾದರೂ ಅವರ ಪತ್ತೆಯಿಲ್ಲ. ನಾನು ಮಂಜುಶ್ರೀ, ಕ್ಯಾತ್ಸಂದ್ರದ ಹತ್ತಿರದ ನಮ್ಮೂರ ಮಹಿಳಾ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ದನಗಳ ಪ್ರಥಮ ಚಿಕಿತ್ಸೆಯ ತರಬೇತಿಯೂ ಆಗಿದೆ. ಹಿಂದಿನ ಸಂಜೆ ವನಜಮ್ಮ ತಂದಿದ್ದು ಐದು ಲೀಟರಿನ ಬದಲು ಎರಡೇ ಲೀಟರು. ಯಾಕಕ್ಕ ಎಂದರೆ, "ನಮ್ಮ ಹಸ ಚುಕ್ಕಿಗೆ ದೃಷ್ಟಿ ಆಗೈತೆ ಬುಡು" ಎಂದು ಹೋಗಿಬಿಟ್ಟಿದ್ದರು. ಆಗಲೇ ನನಗೆ ಕಸಿವಿಸಿ. ಕೊನೆಯ ಕ್ಯಾನು ವ್ಯಾನಿಗೆ ಏರಿದ್ದೇ ತಡ, ಅವರ ಮನೆಗೆ ಓಡಿದೆ.

ಚುಕ್ಕಿ ಕೊಟ್ಟಿಗೆಯಲ್ಲಿ ಬಿದ್ದುಕೊಂಡಿತ್ತು. ಕಟಕಟ ಹಲ್ಲು ಕಡಿಯುತ್ತಿತ್ತು. ಸಗಣಿ ನೀರಾಗಿತ್ತು, ಹುಳಿ ನಾತ, ಅದರಲ್ಲಿ ಅಕ್ಕಿಕಾಳು. ವನಜಮ್ಮನ ಗಂಡ ಬೆಟ್ಟಯ್ಯ ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿಕೊಂಡು ಅದರ ಬಾಯಿ ಬಿಡಿಸುತ್ತಿದ್ದರು.

"ಬೆಟ್ಟಣ್ಣ, ನಿಲ್ಸು! ಮಲಗಿರೋ ಹಸುಗೆ ಎಣ್ಣೆ ಹುಯ್ದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ನಿನ್ನೆ ಏನ್ ತಿನ್ಸಿದ್ರಿ?"

"ನಾವೇನೂ ತಿನ್ಸಿಲ್ಲ ಕಣವ್ವ. ಗೃಹಪ್ರವೇಶಕ್ಕೆ ಹೋಗಿತ್ತು, ಅಷ್ಟೆ."

"ಎಷ್ಟು ಮನೆಗೆ?"

"ಮೂರು."

ಅಯ್ಯೋ! ಅದು ಎರಡು ಸಾವಿರದ ಇಸವಿಯ ಮಾಘ ಮಾಸ. ನಮ್ಮ ಸುತ್ತ ಬಡಾವಣೆಗಳು ಎದ್ದಿದ್ದೇ ಎದ್ದಿದ್ದು. ಒಳ್ಳೆಯ ಮುಹೂರ್ತ ಬಂತೆಂದರೆ ಹೊಸ ಮನೆಯೊಳಗೆ ಮೊದಲು ಕಾಲಿಡಲು ಎಲ್ಲರಿಗೂ ಚುಕ್ಕಿಯೇ ಬೇಕು. ಆಮೇಲೆ ಬಂದ ನೆಂಟರೆಲ್ಲ ಸಾಲಾಗಿ ನಿಂತು ಅಕ್ಕಿ-ಬೆಲ್ಲ, ಬಾಳೆಹಣ್ಣು, ಅನ್ನ ತಿನ್ನಿಸಬೇಕು. ಸಾಕು ಎನ್ನಲು ಅದಕ್ಕೆ ಬಾಯಿದೆಯೇ? ಚುಕ್ಕಿ ಹಾರ ಹಾಕಿಕೊಂಡು ಹೋಗುವುದನ್ನು ನಾನೂ ನೋಡಿದ್ದೆ. ನೋಡಿ ಸುಮ್ಮನಿದ್ದೆ. ಆ ಸಿಟ್ಟು ನನಗೆ ನನ್ನ ಮೇಲೆ ಇವತ್ತಿಗೂ ಇದೆ.

ತಿನ್ನಿಸಿದ್ದರಿಂದಲೇ ಹೀಗಾಗಿದೆ ಎಂದರೆ ವನಜಮ್ಮ ಒಪ್ಪಲೇ ಇಲ್ಲ. "ದೇವ್ರು ಅಂತ ಪೂಜೆ ಮಾಡಿ ಕೊಟ್ಟ ಅನ್ನ ಕಣೇ. ಅದೆಂಗೆ ಕೆಡುಕು ಮಾಡುತ್ತೆ? ನಾವು ದಿನಾ ತಿನ್ನಲ್ವಾ?"

"ಅಕ್ಕ, ನಮ್ಮ ಹೊಟ್ಟೆ ಬೇರೆ, ಅದರ ಹೊಟ್ಟೆ ಬೇರೆ. ಅದು ಹುಲ್ಲು ತಿಂದು ಮೆಲುಕು ಹಾಕೋ ಹೊಟ್ಟೆ. ಒಂದೇ ಸಲ ಅಷ್ಟೊಂದು ಅಕ್ಕಿ, ಬೆಲ್ಲ ಬಿದ್ರೆ ದೋಸೆಹಿಟ್ಟಿನಂಗೆ ಒಳಗೇ ಹುಳಿ ಬರುತ್ತೆ. ಆ ಹುಳಿ ರಕ್ತಕ್ಕೆ ಸೇರಿದ್ರೆ ಹಸು ಉಳಿಯಲ್ಲ. ಬೆಟ್ಟಣ್ಣ, ಎಸ್‌ಟಿಡಿ ಬೂತಿಗೆ ಹೋಗಿ ಡಾಕ್ಟ್ರಿಗೆ ಫೋನ್ ಮಾಡು, ಎದ್ದೇಳು!"

ಡಾಕ್ಟರ್ ಷಡಕ್ಷರಿ ಸ್ಕೂಟರಿನಲ್ಲಿ ಬಂದರು. ರಕ್ತನಾಳಕ್ಕೆ ಬಾಟಲಿ ಹಾಕಿದರು, ಕೊಳವೆ ಇಳಿಸಿ ಹೊಟ್ಟೆಗೆ ಹುಳಿ ಮುರಿಯುವ ಸೋಡಾದ ಔಷಧಿ ಬಿಟ್ಟರು. "ಒಣ ರಾಗಿಹುಲ್ಲು ಬಿಟ್ಟು ಬೇರೇನೂ ಕೊಡಬೇಡಿ. ಮೆಲುಕು ಹಾಕಿದ್ರೆ ಬದುಕಿತು ಅನ್ಕೊಳ್ಳಿ. ಐದು ತಿಂಗಳ ಗಬ್ಬ ಬೇರೆ" ಎಂದರು.

ನಾವು ಮೂವರೂ ಚುಕ್ಕಿಯ ದವಡೆಯನ್ನೇ ನೋಡುತ್ತಾ ಕುಳಿತೆವು. ವನಜಮ್ಮ ಕೂರುವರು, ಏಳುವರು, ಅದರ ಕೊರಳ ಕೆಳಗಿನ ಗಂಗೆದೊಗಲು ಸವರುವರು. ಬೆಟ್ಟಯ್ಯ ಬೀಡಿ ಹಚ್ಚುವರು, ಸೇದದೆ ಎಸೆಯುವರು. ದವಡೆ ಅಲುಗಲಿಲ್ಲ.

ಮಧ್ಯಾಹ್ನ ಬಾಗಿಲಿಗೆ ಆಟೋ ಬಂತು. ಇಳಿದವರು ಅಲಮೇಲಮ್ಮ, ಹಿಂದಿನ ದಿನ ಗೃಹಪ್ರವೇಶ ಮಾಡಿದ್ದ ಮೂರನೆಯ ಮನೆಯವರು. ಕೈಯಲ್ಲಿ ದೊಡ್ಡ ಪಾತ್ರೆ.

"ನಿನ್ನೆಯ ಅನ್ನ, ಸಿಹಿ ಪೊಂಗಲು ಮಿಕ್ಕಿದೆ ವನಜಮ್ಮ. ಚೆಲ್ಲೋಕೆ ಮನಸ್ಸು ಬರಲಿಲ್ಲ. ಗೋಮಾತೆಗೆ ಕೊಡೋಣ ಅಂತ ತಂದೆ."

ವನಜಮ್ಮ ಎದ್ದು ಹೋಗಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. "ನಿಮ್ಮ ದಮ್ಮಯ್ಯ ಅಂತೀನಿ ಕಣಮ್ಮ, ಒಂದು ಅಗುಳೂ ಬೇಡ. ಎಲ್ಲಾರೂ ಪ್ರೀತಿಯಿಂದ್ಲೇ ತಿನ್ಸಿದ್ರಿ. ನಾನೂ ಪುಣ್ಯ ಬರ್ತದೆ ಅಂತ ಹಗ್ಗ ಹಿಡ್ಕಂಡು ನಿಂತಿದ್ದೆ. ನೋಡಿ, ಹೆಂಗೆ ಬಿದ್ದೈತೆ!"

ಅಲಮೇಲಮ್ಮ ಇಣುಕಿ ನೋಡಿದರು. ಮುಖ ಬಿಳಿಚಿಕೊಂಡಿತು. "ಇನ್ನೊಂದು ತುತ್ತು, ಇನ್ನೊಂದು ತುತ್ತು ಅಂತ ನಾನೇ ಕಣ್ರೀ..." ಪಾತ್ರೆಯನ್ನು ಆಟೋದಲ್ಲಿಟ್ಟು ಬಂದು ನಮ್ಮ ಜೊತೆಯೇ ಕುಳಿತರು.

ಮಾರನೆಯ ಸಂಜೆ ಚುಕ್ಕಿಯ ದವಡೆ ಅಲುಗಿತು. ವನಜಮ್ಮ ಗೊಳೋ ಎಂದು ಅತ್ತುಬಿಟ್ಟರು. ಮೂರನೆಯ ದಿನ ಅದು ಎದ್ದು ನಿಂತಿತು. ಆದರೆ ಹನ್ನೊಂದನೆಯ ದಿನ, ತಿಂಗಳು ತುಂಬುವ ಮೊದಲೇ, ಸತ್ತ ಕಂದು ಹಾಕಿತು. ಹೆಣ್ಣುಕರು. ಹಾಲು ಮೊದಲಿನ ಅರ್ಧಕ್ಕೇ ನಿಂತುಹೋಯಿತು.

ಆಮೇಲೂ ಯಾರಾದರೂ ಕರೆದರೆ ವನಜಮ್ಮ ಚುಕ್ಕಿಯನ್ನು ಹೊಡೆದುಕೊಂಡು ಹೋಗುತ್ತಿದ್ದರು, ಒಂದೇ ಮನೆಗೆ. ತಿನ್ನಿಸಲು ಹಸಿಹುಲ್ಲಿನ ಕಟ್ಟನ್ನೂ ತಾವೇ ಒಯ್ಯುತ್ತಿದ್ದರು. ಬೊಗಸೆ ತುಂಬ ಅಕ್ಕಿ ತಂದವರ ಕೈಯನ್ನು ಅಲ್ಲೇ ತಡೆಯುತ್ತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಹಸುವಿಗೆ ಬೇಕಾದದ್ದು ಹಸಿರು ಮೇವು, ರಾಗಿಹುಲ್ಲು, ಹಾಲಿಗೆ ತಕ್ಕಷ್ಟು ಹಿಂಡಿ, ದಿನಕ್ಕಿಷ್ಟು ಖನಿಜ ಮಿಶ್ರಣ, ಸದಾ ಶುದ್ಧ ನೀರು. ಹೊಸದೇನೇ ಕೊಟ್ಟರೂ ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಮೆಲುಕು ನಿಂತರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ, ಡಾಕ್ಟರನ್ನು ಕರೆಯಿರಿ. ನಿಮ್ಮ ಹೊಸ ಮನೆಗೆ ಹಸು ಬಂದರೆ ಕೈ ಮುಗಿಯಿರಿ, ಒಂದು ಹಿಡಿ ಹುಲ್ಲು ಕೊಡಿ, ಸಾಕು. ಇನ್ನೊಂದು ತುತ್ತು ಕೊಡೋಣ ಎಂದು ಯಾರಾದರೂ ಮುಂದೆ ಬಂದರೆ, ನನ್ನ ಹಾಗೆ ನೋಡಿ ಸುಮ್ಮನಿರಬೇಡಿ.