ಊಟಕ್ಕೆ ಕೂತರೆ ದವಡೆ ಊದುತ್ತಿತ್ತು

ಬಡಗಿಗೂ ಅವನ ಹೆಂಡತಿಗೂ ಮಾತು ನಿಂತುಹೋಗಿತ್ತು. ಕಾರಣ ಊಟ. ಅವನು ಮನೆಯವರ ಜೊತೆ ಉಣ್ಣಲು ಕೂರುತ್ತಲೇ ಇರಲಿಲ್ಲ. ತಟ್ಟೆ ಹಿಡಿದು ಹಿತ್ತಲಿನ ಶೆಡ್ಡಿಗೆ ಹೋಗುತ್ತಿದ್ದ. ಅರ್ಧ ಅನ್ನ ಹಾಗೇ ವಾಪಸು ಬರುತ್ತಿತ್ತು.

ಊರಿಗೆ ಬಂದ ನಾದಿನಿಯ ಮುಂದೆ ಹೆಂಡತಿ ಕಣ್ಣೊರೆಸಿಕೊಂಡಳು. "ನಿಮ್ಮಣ್ಣಂಗೆ ನನ್ನ ಕೈಯಡುಗೆ ಸಾಕಾಗಿದೆ ಕಣೇ. ಕೇಳಿದ್ರೆ ಮುಖ ಆ ಕಡೆ ತಿರುಗಿಸ್ತಾರೆ."

ನಾದಿನಿ ಆಸ್ಪತ್ರೆಯಲ್ಲಿ ನರ್ಸ್. ನೇರ ಶೆಡ್ಡಿಗೇ ಹೋದಳು. ಅಣ್ಣ ಮರದ ಹೊಟ್ಟಿನ ನಡುವೆ, ಅರ್ಧ ಉಂಡ ತಟ್ಟೆ ಪಕ್ಕಕ್ಕಿಟ್ಟು, ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತಿದ್ದ.

"ಟವೆಲ್ ತೆಗಿ."

"ಚಳಿ ಕಣೇ."

"ಈ ಸೆಕೇಲಿ? ತೆಗಿ ಅಂದೆ."

ಎಡದವಡೆಯ ಕೆಳಗೆ ನಿಂಬೆಕಾಯಿಯಷ್ಟು ಊತ.

"ತಿನ್ನೋಕೆ ಶುರು ಮಾಡಿದ್ರೆ ಊದುತ್ತೆ, ಆಮೇಲೆ ತಾನೇ ಇಳಿಯುತ್ತೆ. ಅವಳಿಗೆ ಹೇಳ್ಬೇಡ." ಅವನ ದನಿ ಕುಗ್ಗಿತು. "ಅಪ್ಪಂಗೂ ಇಲ್ಲೇ ಗಂಟು ಬಂದಿತ್ತಲ್ವೇ? ಆಮೇಲೆ ಏನಾಯ್ತು, ಗೊತ್ತಲ್ಲ."

ತಂಗಿ ಅವನ ಪಕ್ಕದಲ್ಲೇ ಕೂತಳು. "ಇಷ್ಟು ದಿನ ಒಬ್ಬನೇ ಒದ್ದಾಡಿದ್ಯಾ? ಅದೇ ಆಗಿರ್ಬೇಕು ಅಂತೇನಿಲ್ಲ ಅಣ್ಣ. ಅಲ್ಲಿ ಜೊಲ್ಲಿನ ಗ್ರಂಥಿ ಇದೆ. ಅದರ ದಾರಿ ಕಟ್ಟಿಕೊಂಡ್ರೂ ಹೀಗೇ ಊಟದ ಹೊತ್ತಿಗೆ ಊದುತ್ತೆ. ಡಾಕ್ಟರಿಗೆ ತೋರಿಸಿ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸೋಣ."

"ಸ್ಕ್ಯಾನಾ? ನಾನೇನು ಬಸುರಿನಾ?"

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿಗೆ ಅಳುವಿನ ನಡುವೆಯೂ ನಗು ಬಂತು. "ಬಸುರಿಯಾಗಿದ್ರೂ ಇಷ್ಟು ಬಚ್ಚಿಡೋಕೆ ಆಗ್ತಿರ್ಲಿಲ್ಲ. ಏಳಿ, ಹೊರಡಿ!"

ಸ್ಕ್ಯಾನಿಂಗ್ ಕೋಣೆಯಲ್ಲಿ ವೈದ್ಯೆ ಅವನ ದವಡೆಗೆ ತಣ್ಣನೆಯ ಜೆಲ್ ಹಚ್ಚಿ, ಸಣ್ಣ ಉಪಕರಣವೊಂದನ್ನು ಮೆಲ್ಲಗೆ ಆಡಿಸಿದರು. ಚುಚ್ಚಲಿಲ್ಲ, ಕೊಯ್ಯಲಿಲ್ಲ. ಹೆಂಡತಿ ಅವನ ಕೈ ಬಿಡಲೇ ಇಲ್ಲ.

"ಇಲ್ನೋಡಿ," ವೈದ್ಯೆ ಪರದೆ ತೋರಿಸಿದರು. "ಈ ಬಿಳಿ ಚುಕ್ಕೆ ಒಂದು ಸಣ್ಣ ಕಲ್ಲು. ಜೊಲ್ಲು ಹರಿಯೋ ನಾಳಕ್ಕೆ ಅಡ್ಡ ಕೂತಿದೆ. ಅದಕ್ಕೇ ಗ್ರಂಥಿಗೆ ಉರಿಯೂತ."

"ನಮ್ಮಪ್ಪಂಗೆ ಬಂದ ಹಾಗೆ ಕ್ಯಾನ್ಸರ್ ಗಂಟು..."

"ಅಂಥ ಗಂಟು ಏನೂ ಕಾಣ್ತಿಲ್ಲ. ಅನುಮಾನ ಇದ್ದಿದ್ರೆ ಮುಂದಿನ ಪರೀಕ್ಷೆಗೆ ನಾನೇ ಕಳಿಸ್ತಿದ್ದೆ."

ಬಡಗಿ ಮಲಗಿದಲ್ಲೇ ಮಗುವಿನ ಹಾಗೆ ಅತ್ತುಬಿಟ್ಟ.

ಔಷಧಿಯಿಂದ ಉರಿಯೂತ ಇಳಿದ ಮೇಲೆ ಬಾಯೊಳಗಿನಿಂದಲೇ ಕಲ್ಲು ತೆಗೆದರು. ಈಗ ಅವನು ಹೆಂಡತಿಯ ಪಕ್ಕದಲ್ಲೇ ಕೂತು, ಉಪ್ಪು ಕಡಿಮೆ ಎಂದು ಗೊಣಗುತ್ತಲೇ ಹೊಟ್ಟೆ ತುಂಬ ಉಣ್ಣುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆನ್ನೆಯೋ ದವಡೆಯೋ ಊದಿಕೊಳ್ಳುತ್ತಿದೆಯೇ? ವೈದ್ಯರಿಗೆ ತೋರಿಸಿ, ಅಲ್ಟ್ರಾಸೌಂಡ್ ಬೇಕೇ ಎಂದು ಕೇಳಿ. ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕಾಯುತ್ತ ಕೂರಬೇಡಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಒಬ್ಬರಿಗಾದರೂ ಇವತ್ತೇ ಹೇಳಿಬಿಡಿ.