ಮಗ್ಗಕ್ಕೆ ಹೋಗೋದು ಹೊರಗೆ ಹೋಗೋದಲ್ಲ

ಮೌನಿಕಾಳಿಗೆ ಪರೀಕ್ಷೆ ಅಂದರೆ ನೀರು ಕುಡಿದಷ್ಟು ಸಲೀಸು. ಕೊರೊನಾ ಮಹಾಮಾರಿಯ ಕಾಲದಲ್ಲಿ ನಾಲ್ಕು ದೇಶಗಳ ಸರ್ಕಾರಗಳು ನಿಯಮಗಳನ್ನು ಹೇಗೆ ಮಾಡಿದವು ಎಂದು ಐದು ವರ್ಷ ತಲೆ ಕೆಡಿಸಿಕೊಂಡು ಮುನ್ನೂರು ಪುಟ ಬರೆದವಳು ಅವಳು. ಸ್ವೀಡನ್ ಬುದ್ಧಿ ಹೇಳಿ ಜನರನ್ನು ನಂಬಿತು. ವಿಯೆಟ್ನಾಂ ರೋಗಿಯ ಜೊತೆಗಿದ್ದವರನ್ನೆಲ್ಲ ಹುಡುಕಿ ಹುಡುಕಿ ಬೇರೆ ಇಟ್ಟಿತು. ನ್ಯೂಜಿಲೆಂಡ್ ಗಡಿ ಮುಚ್ಚಿತು. ನಾವು ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ಇಡೀ ದೇಶಕ್ಕೆ ಬೀಗ ಹಾಕಿದೆವು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಾರೀಖು ಸಮೇತ ಒಪ್ಪಿಸುತ್ತಿದ್ದಳು. ಸೋಮವಾರ ಚಳ್ಳಕೆರೆಯ ಕಾಲೇಜಿನಲ್ಲಿ ಕೊನೆಯ ಮೌಖಿಕ ಪರೀಕ್ಷೆ. ಅದೊಂದು ದಾಟಿದರೆ ಹೆಸರಿನ ಮುಂದೆ ಡಾಕ್ಟರ್.

ಭಾನುವಾರ ಮಧ್ಯಾಹ್ನ ಮೊಳಕಾಲ್ಮೂರಿನ ಮನೆಯಲ್ಲಿ, ಮಗ್ಗದ ಮುಂದೆ ನಿಂತು ಒಂದು ಸಲ ಒಪ್ಪಿಸಿ ನೋಡಿದಳು. ಅವ್ವ ತಿಪ್ಪಮ್ಮ ಸೀರೆಯ ಒಡಲು ನೇಯುತ್ತಿದ್ದಳು. ಅವಳ ಭುಜಕ್ಕೆ ಭುಜ ತಾಗಿಸಿ ಕೂತ ಕ್ಯಾತಮ್ಮ ಅಂಚಿನ ಲಾಳಿ ಎಸೆಯುತ್ತಿದ್ದಳು. ಇಲ್ಲಿಯ ಸೀರೆಗೆ ಅಂಚು ಕೂಡಿಸಲು ಒಂದೇ ಮಗ್ಗದಲ್ಲಿ ಇಬ್ಬರು ಬೇಕು. ಎರಡು ಬೀದಿ ಆಚೆಯ ಕ್ಯಾತಮ್ಮ ಇಪ್ಪತ್ತು ವರ್ಷದಿಂದ ಆ ಜಾಗ ಬಿಟ್ಟುಕೊಟ್ಟವಳಲ್ಲ.

"ನಮ್ಮೂರಲ್ಲಿ ಇನ್ನೂರು ನೇಕಾರರ ಮನೆ ಸರ್ವೆ ಮಾಡಿದೀನಿ. ಎರಡನೇ ಅಲೆಯಲ್ಲಿ ನೂರಕ್ಕೆ ತೊಂಬತ್ತಾರು ಮನೆಯೋರು ಹೊರಗೇ ಹೋಗಿಲ್ಲ. ಆದ್ರೂ ಬೀದಿಬೀದಿಗೆ ಜ್ವರ ಬಂತು. ಅಂದ್ರೆ ಮನೇಲಿರಿ ಅನ್ನೋ ನಿಯಮ ಇಲ್ಲಿ ಕೆಲಸ ಮಾಡ್ಲಿಲ್ಲ."

"ಖರೆ ಕಣಮ್ಮ," ಎಂದಳು ಕ್ಯಾತಮ್ಮ. "ಈ ಮಗ್ಗ ಬಿಟ್ರೆ ನಾನೂ ಎಲ್ಲಿಗೂ ಹೋಗ್ಲಿಲ್ಲ."

"ಈ ಮಗ್ಗಕ್ಕೆ ಬರ್ತಿದ್ರಾ? ಲಾಕ್‌ಡೌನ್‌ನಲ್ಲಿ?"

"ದಿನಾ ಬರ್ತಿದ್ದೆ, ಹಿಂದ್ಲ ಓಣಿಯಾಗೆ. ಸೀರೆ ಅರ್ಧಕ್ಕೆ ನಿಂತಿತ್ತಲ್ಲ."

"ಮತ್ತೆ ಸರ್ವೆಯಲ್ಲಿ ಹೊರಗೆ ಹೋಗಿದ್ರಾ ಅಂದಾಗ ಇಲ್ಲ ಅಂದಿದ್ರಿ?"

ಕ್ಯಾತಮ್ಮ ನಕ್ಕುಬಿಟ್ಟಳು. "ಮಗ್ಗಕ್ಕೆ ಬರೋದು ಹೊರಗೆ ಹೋಗೋದೇನೇ ತಾಯಿ?"

ಆಗ ದೂರದ ಹಾಸ್ಟೆಲ್‌ನಲ್ಲಿ ಸಿಕ್ಕಿಕೊಂಡಿದ್ದ ಮೌನಿಕಾಳಿಗೆ ಇದು ಗೊತ್ತೇ ಇರಲಿಲ್ಲ. ಇನ್ನೂರು ಮನೆಯೂ ಹೀಗೇ ಉತ್ತರ ಕೊಟ್ಟಿರಬೇಕು, ಒಬ್ಬರೂ ಸುಳ್ಳು ಹೇಳದೆ. ಊರೂರು ತಿರುಗಿ ಪುಸ್ತಕ ಓದಿದ ಜಾಣೆ, ಹುಟ್ಟಿದ ಮನೆಯ ರೂಢಿ ಮರೆತು ಪ್ರಶ್ನೆ ಬರೆದಿದ್ದಳು.

ಅಷ್ಟರಲ್ಲಿ ತಿಪ್ಪಮ್ಮನ ಕೈ ನಿಂತಿತು. ಎರಡನೇ ಅಲೆಯ ಮೇ ತಿಂಗಳಲ್ಲಿ ಈ ಎರಡು ಮನೆಗಳಲ್ಲಿ ಮೊದಲು ಜ್ವರ ಬಂದದ್ದು ಅವಳಿಗೆ. ಮೂರು ವಾರಕ್ಕೆ ಅದೇ ಜ್ವರದಲ್ಲಿ ಕ್ಯಾತಮ್ಮನ ಗಂಡ ಪಾತಣ್ಣ ತೀರಿಕೊಂಡ. ಯಾರೂ ಹೊರಗೆ ಹೋಗದ ಮನೆಗೆ ರೋಗ ಹೇಗೆ ಬಂತು ಎಂದು ಆಗ ಎಲ್ಲರೂ ಗಾಳಿಯನ್ನು ಬೈದಿದ್ದರು.

"ಆ ತೊಂಬತ್ತಾರು ಹಂಗೇ ಇರ್ಲಿ ಬಿಡು," ಎಂದಳು ತಿಪ್ಪಮ್ಮ ತಲೆ ಎತ್ತದೆ. "ಯಾರಿಗೆ ಗೊತ್ತಾಗ್ತೈತೆ?"

"ನನಗೆ ಗೊತ್ತಲ್ಲವ್ವ."

ಕ್ಯಾತಮ್ಮನ ನಗು ಆರಿತ್ತು. ಲಾಳಿ ಕೆಳಗಿಟ್ಟು, "ನಾಳೆ ಚಳ್ಳಕೆರೆಗೆ ನಾನೂ ಬರ್ತೀನಿ," ಎಂದಳು. ಅವಳು ಹೊರಟ ಮೇಲೆ ತಿಪ್ಪಮ್ಮ ಉಳಿಯುವ ಹಾಗಿರಲಿಲ್ಲ.

ಚಳ್ಳಕೆರೆಯ ಪರೀಕ್ಷೆಯ ಕೋಣೆಯಲ್ಲಿ ಯಾರು ಬೇಕಾದರೂ ಕೂರಬಹುದಿತ್ತು. ಇಬ್ಬರೂ ಹಿಂದಿನ ಬೆಂಚು ಹಿಡಿದರು. ಮೌನಿಕಾ ಎದ್ದವಳೇ, "ನನ್ನ ನಾಲ್ಕನೇ ಅಧ್ಯಾಯದ ತೊಂಬತ್ತಾರು ತಪ್ಪು," ಎಂದು ಶುರು ಮಾಡಿದಳು. ಮಾರ್ಗದರ್ಶಕ ಸೋಮಶೇಖರಪ್ಪನವರ ಮುಖ ಹುಳ್ಳಗಾಯಿತು. ಅವಳು ಮಾತ್ರ ದನಿ ಅಲುಗಿಸದೆ ಓಣಿ, ಮಗ್ಗ, ಜೊತೆ ಕೂರುವವರು, ಎಲ್ಲವನ್ನೂ ಬಿಡಿಸಿ ಹೇಳಿದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದರು. "ಹಾಗಾದರೆ ಸರಳವಾಯಿತಲ್ಲ. ಬೇರೆ ದೇಶದವರು ನಿಯಮ ಪಾಲಿಸಿದರು, ನಮ್ಮವರು ಮೀರಿದರು."

"ಇಲ್ಲ ಸರ್. ನ್ಯೂಜಿಲೆಂಡ್‌ನಲ್ಲಿ ನಿಮ್ಮ ಗುಂಪಿನಲ್ಲಿ ಯಾರ್ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ ಅಂದರು. ವಿಯೆಟ್ನಾಂನಲ್ಲಿ ಯಾರ ಜೊತೆ ಇದ್ದಿರಿ ಅಂತ ವಿಚಾರಿಸಿದರು. ಇಲ್ಲಿ ಮನೆ ಅಂದರೆ ಏನು ಅಂತ ಸರ್ಕಾರವೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

ಕ್ಯಾತಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ನಾವು ಮೀರೋರಲ್ಲ ಸ್ವಾಮಿ. ಮನೇಲಿರಿ ಅಂದ್ರು, ಇದ್ವಿ. ದೂರ ನಿಲ್ರಿ ಅಂದ್ರು, ಬಾಗ್ಲಿಗೆ ತರಕಾರಿ ಗಾಡಿ ಬಂದ್ರೆ ಸುಣ್ಣದ ಗೆರೆ ಮ್ಯಾಲೆ ನಿಂತ್ವಿ. ಒಂದು ಮಗ್ಗದಾಗೆ ಇಬ್ರು ಕೂರಬ್ಯಾಡಿ ಅಂತ ಒಬ್ರಾದ್ರೂ ಅಂದಿದ್ರೆ ಎದ್ದೋಗ್ತಿದ್ದೆ. ನಮ್ಮ ಯಜಮಾನ್ರು ಇವತ್ತು ನನ್ನ ಜೊತೆ ಬಸ್ ಹತ್ತಿರ್ತಿದ್ರು."

ಪರೀಕ್ಷಕರು ತಮ್ಮ ಟಿಪ್ಪಣಿಯ ಒಂದು ಸಾಲು ಹೊಡೆದು ಹಾಕಿದರು. ಆಮೇಲೆ, ಅಧ್ಯಾಯ ತಿದ್ದಿ ಮೂರು ತಿಂಗಳಲ್ಲಿ ಕೊಡಿ, ಪದವಿ ಅಲ್ಲಿಯವರೆಗೆ ಕಾಯಲಿ ಎಂದರು. ಈಗ ಅವರ ದನಿಯಲ್ಲಿ ಬಿಗುವಿರಲಿಲ್ಲ.

"ಒಂದು ತಿಂಗಳು ಸಾಕು ಸರ್," ಎಂದಳು ಮೌನಿಕಾ. "ಒಂದೇ ಪ್ರಶ್ನೆ ಬದಲಾಯಿಸಬೇಕು. ಹೊರಗೆ ಹೋಗಿದ್ರಾ ಅನ್ನೋದಲ್ಲ, ಯಾರ ಪಕ್ಕ ಕೂತಿದ್ರಿ ಅಂತ ಕೇಳ್ತೀನಿ."

ಯಾರೂ ಕರೆಯದೆ ಹಿಂದಿನ ಬೆಂಚಿನಿಂದ ತಿಪ್ಪಮ್ಮ ಎದ್ದಳು.

"ನನ್ನಿಂದಲೇ ಬರ್ಕೊಳಮ್ಮ. ಕ್ಯಾತಮ್ಮನ ಪಕ್ಕ ಕೂತಿದ್ದೋಳು ನಾನು. ಮೊದ್ಲು ಜ್ವರ ಬಂದಿದ್ದೂ ನನಗೇ."

ಕ್ಯಾತಮ್ಮ ಅವಳ ಕೈ ಹಿಡಿದು ಕೂರಿಸಿದಳು. ಆ ಕೈಯನ್ನು ಬಸ್ಸು ಮೊಳಕಾಲ್ಮೂರು ಮುಟ್ಟುವವರೆಗೂ ಬಿಡಲಿಲ್ಲ.