ಗಾಳಿಗೆ ಮೈಕ್

ಮಾತಾಡುವಾಗ ಎಲ್ಲರೂ ಗಾಳಿಗೆ ಬೆನ್ನು ತಿರುಗಿಸುತ್ತಾರೆ. ನನ್ನ ಗಂಡ ಸವರಿಮುತ್ತು ಮುಖ ಕೊಡುತ್ತಿದ್ದರು. ಆ ಕೊನೆಯ ಶುಕ್ರವಾರವೂ ಹಾಗೇ ನಿಂತಿದ್ದರು. ಕುಂಟುಗಾಲು ಮರಳಲ್ಲಿ ಹೂತಿತ್ತು, ಲುಂಗಿ ಎತ್ತಿ ಕಟ್ಟಿತ್ತು, ಕೈಯಲ್ಲಿ ಫೋನು, ಅದರ ತುದಿಗೆ ಹೆಬ್ಬೆರಳಿನಷ್ಟು ಮೈಕು. ಮನೆಗೆ ಬಂದು ತಂಗಳನ್ನ, ಸುಟ್ಟ ಒಣಮೀನು ತಿಂದರು. "ಉಪ್ಪು ಕಮ್ಮಿ" ಅಂದರು.

"ಮೈಗೆಲ್ಲಾ ಹತ್ತಿಸ್ಕೊಂಡು ಬಂದಿದೀರಲ್ಲ, ಕೈ ನೆಕ್ಕೊಳ್ಳಿ" ಅಂದೆ.

ನಕ್ಕರು. ಶನಿವಾರ ಬೆಳಗ್ಗೆ ಏಳಲಿಲ್ಲ. ಎದೆ ನಿಂತಿತು ಅಂದರು ಡಾಕ್ಟರು.

ಬಲೆಯ ಹಗ್ಗ ಸುತ್ತಿಕೊಂಡು ಕಾಲು ಹಾಳಾದ ಮೇಲೆ ಅವರು ಕಡಲಿಗೆ ಹೋಗಲಿಲ್ಲ. ಆದರೆ ಅವರ ಮಾತು ಕೇಳದೆ ನಮ್ಮ ಕೇರಿಯವರು ಯಾರೂ ಹೋಗುತ್ತಿರಲಿಲ್ಲ. ನಮ್ಮ ದೋಣಿಗಳು ನಿಲ್ಲುವುದು ಮರಳುದಿಬ್ಬದ ಮರೆಯಲ್ಲಿ. ಅಲ್ಲಿ ನಿಂತರೆ ಹೊರಗಡಲ ಗಾಳಿ ಗೊತ್ತಾಗುವುದಿಲ್ಲ. ಇವರು ಕೋಳಿ ಕೂಗುವ ಹೊತ್ತಿಗೆ ದಿಬ್ಬದ ಆ ತುದಿಗೆ ಹೋಗಿ, ಗಾಳಿ ಯಾವುದು, ಎಷ್ಟು, ಹೋಗಬಹುದೋ ಬೇಡವೋ ಅಂತ ದೋಣಿಯವರ ವಾಟ್ಸಾಪ್ ಗುಂಪಿಗೆ ದನಿಯಲ್ಲೇ ಹೇಳಿ ಕಳಿಸುತ್ತಿದ್ದರು. ಭಾನುವಾರ ಯಾರೂ ಕಡಲಿಗಿಳಿಯುವುದಿಲ್ಲ. ಆದರೂ ಹೋಗಿ ಹೇಳುತ್ತಿದ್ದರು. "ಪಾದ್ರಿಗೆ ಹೇಳ್ತೀರಾ?" ಅಂತ ನಾನು ಕೆಣಕುತ್ತಿದ್ದೆ.

ಗಾಳಿ ಜೋರಾದ ದಿನ ಫೋನಿನಲ್ಲಿ ಬರೀ ಬುರ್ರೋ ಅನ್ನುವ ಸದ್ದು. ಮಾತು ಬೇಕಾದ ದಿನವೇ ಮಾತು ಕೇಳಿಸುತ್ತಿರಲಿಲ್ಲ. ಅದಕ್ಕೇ ಮೈಕು ಕೊಳ್ಳಲು ತೂತ್ತುಕ್ಕುಡಿ ಪೇಟೆಗೆ ಹೋದರು. "ಗಾಳಿಗೆ ಒಂದು ಮೈಕ್ ಕೊಡು ತಂಬಿ" ಅಂತ ಕೇಳಿದರಂತೆ. ಕೆಮ್ಮಿಗೆ ಔಷಧಿ ಕೇಳಿದರೆ ಕೆಮ್ಮು ನಿಲ್ಲಿಸುವುದನ್ನು ಕೊಡುತ್ತಾರಲ್ಲ, ಅಂಗಡಿಯವನೂ ಹಾಗೇ ಕೊಟ್ಟ. ಅಂಗಿಗೆ ಸಿಕ್ಕಿಸುವ ಮೈಕು, ಅದಕ್ಕೆ ಬೆಕ್ಕಿನಮರಿಯಂಥ ಕೂದಲ ಟೋಪಿ. ಗಾಳಿ ಚೂರೂ ಒಳಗೆ ಬರಲ್ಲ ಅಂದನಂತೆ. ಇವರಿಗೆ ಖುಷಿಯಾಯಿತು. ನನಗೂ ಆಯಿತು. ತಪ್ಪು ಇಬ್ಬರದೂ.

ಮಾರನೆಯ ಬೆಳಗ್ಗೆ ವಾಡೈ ಏರುತ್ತಿತ್ತು. ವಾಡೈ ಅಂದರೆ ಬಡಗಣ ಗಾಳಿ, ದೋಣಿ ಮಗುಚುವ ಗಾಳಿ. "ವಾಡೈ ಏರ್ತಿದೆ, ಇವತ್ತು ಬೇಡ" ಅಂದರು. ಆ ಮಾತು ಇಗರ್ಜಿಯೊಳಗೆ ಆಡಿದ ಹಾಗೆ ಚೊಕ್ಕಟವಾಗಿ ಹೋಯಿತು. ನನ್ನ ತಮ್ಮ ಕಸ್ಪಾರ್ ಭಾವನಿಗೆ ತಿರುಗಿ ಹೇಳಿ ಕಳಿಸಿದ: "ಏನ್ ಮಚ್ಚಾನ್, ಅಕ್ಕನ ಸೆರಗು ಹೊದ್ಕೊಂಡು ಹೇಳ್ತಿದೀಯಾ? ಎಲ್ಲಿ ಗಾಳಿ?" ಹಿಂದೆ ನಾಲ್ಕು ಜನ ನಕ್ಕದ್ದೂ ಕೇಳಿಸಿತು. ಇವರು ಮತ್ತೆ ಹೇಳುವಷ್ಟರಲ್ಲಿ ಕಸ್ಪಾರ್ ದೋಣಿ ಬಿಟ್ಟಿದ್ದ.

ಅವರೆಲ್ಲ ಮಾತಿನ ಹಿಂದಿನ ಗಾಳಿ ಕೇಳಿ ಮಾತನ್ನು ನಂಬುತ್ತಿದ್ದರು. ಅದು ನಮಗೆ ಅವತ್ತೇ ತಿಳಿದದ್ದು.

ಮಧ್ಯಾಹ್ನ ಕಸ್ಪಾರ್ ಬಲೆ ಕಡಿದು ಬಿಟ್ಟು ಬಂದ. ತುಟಿ ಬೆಳ್ಳಗಾಗಿತ್ತು. ನಾನು ಗಂಡನನ್ನು ಬೀದಿಯಲ್ಲೇ ಬೈದೆ. "ನಿಮ್ಮ ಟೋಪಿ ಮೈಕಿಗೆ ಬೆಂಕಿ ಹಾಕ! ನನ್ನ ತಮ್ಮನ್ನ ನುಂಗ್ತಿತ್ತಲ್ರೀ!"

"ಬೈಬೇಡಕ್ಕಾ, ನಾನೇ ನಂಬ್ಲಿಲ್ಲ" ಅಂದ ಕಸ್ಪಾರ್.

"ನಂಬೋ ಹಾಗೆ ನಾನು ಹೇಳ್ಲಿಲ್ಲ" ಅಂದರು ಇವರು. ಅವತ್ತು ಊಟ ಮಾಡಲಿಲ್ಲ.

ಮತ್ತೆ ಅದೇ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಫ್ಯಾನು ಹಾಕಿಸಿದರು. ನನ್ನನ್ನು ಅದರ ಮುಂದೆ ನಿಲ್ಲಿಸಿ, ಒಂದೊಂದೇ ಮೈಕು ಹಿಡಿದು, "ಹೋಗಬೇಡಿ ಅನ್ನು" ಅಂದರು. ಅಂದೆ. ಕಣ್ಣು ಮುಚ್ಚಿ ಕೇಳುವರು, ತಲೆಯಾಡಿಸುವರು, "ಇನ್ನೊಂದು ಕೊಡು" ಅನ್ನುವರು.

"ಅಣ್ಣಾಚ್ಚಿ, ಎಲ್ರೂ ಗಾಳಿ ಬೇಡ ಅಂತ ಬರ್ತಾರೆ. ನೀವು ಗಾಳೀನೇ ಬೇಕು ಅಂತೀರಲ್ಲ!" ಅಂದ ಅಂಗಡಿಯವನು.

"ಎರಡೂ ಬೇಕು ತಂಬಿ. ನಾನೂ ಕೇಳ್ಬೇಕು, ಅದೂ ಕೇಳ್ಬೇಕು."

ಒಂಬತ್ತು ಸಲ ಹೋಗಬೇಡಿ ಅಂದೆ. ಜನ ತಿರುಗಿ ನೋಡುತ್ತಿದ್ದರು. ಬೇಕಾದ ಆ ಶನಿವಾರ ಒಂದು ಸಲವೂ ಅನ್ನಲಾಗಲಿಲ್ಲ.

ಒಂಬತ್ತನೆಯದನ್ನು ತಂದರು. ಫೋನಿಗೇ ಚುಚ್ಚುವುದು, ಎಡಕ್ಕೊಂದು ಬಲಕ್ಕೊಂದು ಕಿವಿ. ಗಾಳಿ ಯಾವ ಕಡೆಯದು ಅಂತಲೂ ಕೇಳಿದವರಿಗೆ ತಿಳಿಯುತ್ತದೆ. ಟೋಪಿ ಕಿತ್ತು ಎಸೆದರು. ಹಳೆಯ ಪಂಚೆ ಹರಿದು ಸುತ್ತಿ ನೋಡಿದರು. ಮೂರು ಸುತ್ತಾದರೆ ಗಾಳಿ ಸಾಯುತ್ತದೆ. ಏನೂ ಇಲ್ಲದಿದ್ದರೆ ಮಾತು ಸಾಯುತ್ತದೆ. ಒಂದು ಸುತ್ತು ಸರಿಹೋಯಿತು. ಮುಂದಿನ ವಾಡೈ ದಿನ ಒಂದು ದೋಣಿಯೂ ಕದಲಲಿಲ್ಲ. "ಸಾಕು ಮಚ್ಚಾನ್, ಕೇಳಿದ್ರೇನೇ ಚಳಿ ಹಿಡೀತು" ಅಂದ ಕಸ್ಪಾರ್.

ಇಂಥ ಗಂಡಸರು ಕೇರಿಗೊಬ್ಬರು ಇರುತ್ತಾರೆ. ತಮ್ಮ ದನಿ ಚೆಂದ ಕೇಳಿಸಲಿ ಅಂತ ಅವರಿಗಿಲ್ಲ, ಹೋದವರು ಮನೆಗೆ ಬಂದರೆ ಸಾಕು. ಅವರ ಜೊತೆ ಬಾಳುವುದು ಸುಲಭವಲ್ಲ. ಹೆಂಡತಿಯನ್ನು ಫ್ಯಾನಿನ ಮುಂದೆ ನಿಲ್ಲಿಸುತ್ತಾರೆ. ಹೇಳದೆ ಹೋಗುತ್ತಾರೆ.

ಈಗ ದಿಬ್ಬದ ತುದಿಗೆ ನಾನು ಹೋಗುತ್ತೇನೆ. ಗಾಳಿಗಳ ಹೆಸರು ನನಗೆ ಅವರಷ್ಟು ಗೊತ್ತಿಲ್ಲ. "ಸುಮ್ನೆ ಹಿಡ್ಕೊಂಡು ನಿಂತ್ಕೋ ಅಕ್ಕಾ, ನಾವು ಕೇಳ್ಕೋತೀವಿ" ಅಂದಿದ್ದಾನೆ ಕಸ್ಪಾರ್. ನಿಲ್ಲುತ್ತೇನೆ. ಇವತ್ತಿನದೇ ಗಾಳಿ ಅಂತ ತಿಳಿಯಲಿ ಎಂದು ವಾರ ಯಾವುದೆಂದು ಹೇಳುತ್ತೇನೆ, ಅಷ್ಟೇ. ಮನೆಗೆ ಬಂದು ಆ ಪಂಚೆಯ ಚೂರನ್ನು ಬಿಚ್ಚಿ ಸಿಹಿನೀರಿನಲ್ಲಿ ಎರಡು ಸಲ ಜಾಲಾಡಿ ಹಗ್ಗಕ್ಕೆ ಹಾಕುತ್ತೇನೆ. ಉಪ್ಪು ಕೂತು ಬಟ್ಟೆ ಬಿರುಸಾದರೆ ನಾಳೆಯ ಗಾಳಿ ಕೇಳಿಸುವುದಿಲ್ಲ.